ಸಮುದ್ರದ ಊರಿಗೆ ಹೊಸಾ ಸ್ವಿಮ್ಮಿಂಗ್ ಪೂಲ್

ಬಾಗಿಲು ಹಾಕಿದ್ದ ನಮ್ಮ ಪಬ್ಲಿಕ್ ಸ್ವಿಮ್ಮಿಂಗ್ ಪೂಲನ್ನ ಹೊಸದಾಗಿ ಕಟ್ಟಿ ಓಪನ್ ಮಾಡಿದಾರೆ, ಭಾನುವಾರ ಬೆಳಿಗ್ಗೆ ಮಗಳನ್ನ ಕರ್ಕೊಂಡು ಹೋಗಿದ್ದೆ. ಕಾರವಾರದಲ್ಲಿ ಟ್ಯಾಗೋರ್ ಬೀಚ್ ಇದೆ, ಕಾಳಿ ನದಿ ಇದೆ, ಮತ್ತೆ ದುಡ್ಡು ಕೊಟ್ಟು ಪೂಲ್ ಯಾಕೆ ಅಂತ ನಮ್ಮ ಅತ್ತೆನೇ ಕೇಳಿದ್ರು. ಸಮುದ್ರದ ಸೆಳೆತ ಎಲ್ಲಿದೆ ಅಂತ ದೊಡ್ಡವರಿಗೇ ಗೊತ್ತಾಗಲ್ಲ, ಮಕ್ಕಳಿಗೆ ಏನು ಗೊತ್ತಾಗತ್ತೆ? 2024ರ ಡಿಸೆಂಬರಲ್ಲಿ ಮುರ್ಡೇಶ್ವರಕ್ಕೆ ಟ್ರಿಪ್ ಬಂದಿದ್ದ ಶಾಲೆಯ 4 ಹುಡುಗಿಯರು ನೀರುಪಾಲಾದ್ರಲ್ಲ, ಆ ಸುದ್ದಿ ನೋಡಿದ ರಾತ್ರಿನೇ ಇವಳಿಗೆ ಈಜು ಕಲಿಸ್ಲೇಬೇಕು ಅಂತ ಗಟ್ಟಿ ಮಾಡಿದ್ದೆ.

ನೀರು ತುಂಬಾ ಚೆನ್ನಾಗಿದೆ. ತಳದ ಕಪ್ಪು ಗೆರೆ, ಟೈಲ್ಸ್ ಸಂದು ಎಲ್ಲಾ ಕಾಣತ್ತೆ. ಬೋರ್ಡಲ್ಲಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.4 ಅಂತ ಬರೆದಿದ್ರು, 7.2ರಿಂದ 7.8ರ ಒಳಗಿದ್ರೆ ಸರಿ. ಮೂಗಿಗೆ ಹೊಡೆಯೋ ವಾಸನೆನೂ ಇಲ್ಲ. ಆ ವಾಸನೆ ಕ್ಲೋರಿನ್ ಜಾಸ್ತಿಯಾಗಿ ಬರತ್ತೆ ಅನ್ಕೋತೀವಿ, ಆದ್ರೆ ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿದಾಗ ಬರೋದು ಅದು, ಅದಕ್ಕೇ ಅಲ್ಲಿನ ಹುಡುಗ "ಅಕ್ಕಾ, ಸ್ನಾನ ಮಾಡ್ಕೊಂಡೇ ಇಳೀರಿ" ಅಂತ ಒಬ್ಬೊಬ್ಬರಿಗೂ ಹೇಳ್ತಿದ್ದ, ಖುಷಿಯಾಯ್ತು.

ನನಗೆ ಅಪ್ಪ ಸಮುದ್ರದಲ್ಲೇ ಈಜು ಕಲಿಸಿದ್ದು. ಇಲ್ಲಿ ಇಳಿದ ಕೂಡ್ಲೇ ಮೈ ಭಾರ ಅನ್ನಿಸ್ತು, ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರತ್ತೆ, ಅದು ಎತ್ತಿ ಹಿಡಿಯತ್ತೆ, ಸಿಹಿನೀರಲ್ಲಿ ಆ ಆಸರೆ ಇಲ್ಲ, ಎರಡು ರೌಂಡಿಗೇ ಏದುಸಿರು ಬಂತು.

ಮಕ್ಕಳ ಪೂಲ್ ಬೇರೆನೇ ಇದೆ, ಮಗಳ ಸೊಂಟದ ತನಕ ನೀರು. ಕೋಚ್ ಮೊದಲ ದಿನ ಕೈಕಾಲು ಹೊಡೆಸ್ಲೇ ಇಲ್ಲ, ಕಂಬಿ ಹಿಡ್ಕೊಂಡು ಮುಖ ಮುಳುಗಿಸಿ ಗುಳುಗುಳು ಅಂತ ಉಸಿರು ಬಿಡೋದಷ್ಟೇ. ಮೊದಲು ಅಳ್ತಾ ಇದ್ದೋಳು ಹತ್ತನೇ ಸಲಕ್ಕೋ ಏನೋ ಕಣ್ಣು ಬಿಟ್ಕೊಂಡೇ ಮುಳುಗಿ ಎದ್ದು "ಅಮ್ಮಾ, ನಿನ್ನ ಕಾಲುಂಗುರ ಕಾಣ್ತು!" ಅಂತ ಕೂಗಿದ್ಲು.

ಬೇಜಾರಾಗಿದ್ದು ಅಂದ್ರೆ ಹೆಂಗಸರು ಬಟ್ಟೆ ಬದಲಾಯಿಸೋ ರೂಮಿನ ಚಿಲಕ ಕೂರಲ್ಲ, ಹೊರಗೆ ಒಬ್ರು ಬಾಗಿಲು ಹಿಡ್ಕೊಂಡು ನಿಲ್ಬೇಕು. ಇಷ್ಟೆಲ್ಲಾ ಹೊಸದಾಗಿ ಕಟ್ಟಿದೋರು ಇದೊಂದು ನೋಡ್ಬಾರದಿತ್ತಾ? ಮತ್ತೆ ಶವರ್‌ನಿಂದ ಪೂಲಿಗೆ ಹೋಗೋ ದಾರಿಯ ಟೈಲ್ಸ್ ತೀರಾ ನುಣುಪು, ನಮ್ಮೆದುರೇ ಒಬ್ಬ ಹುಡುಗ ಜಾರಿ ಬಿದ್ದು ಮೊಣಕೈ ತರಚ್ಕೊಂಡ. ಜೂನಲ್ಲಿ ಮಳೆ ಹಿಡಿಯೋದ್ರೊಳಗೆ ರಬ್ಬರ್ ಮ್ಯಾಟ್ ಹಾಕ್ಲೇಬೇಕು, ಎರಡನ್ನೂ ಅಲ್ಲಿನ ಪುಸ್ತಕದಲ್ಲಿ ಬರೆದು ಬಂದಿದೀನಿ.

ಬರೋ ಭಾನುವಾರ ಮತ್ತೆ ಹೋಗ್ತಿದೀವಿ, ಮೊಮ್ಮಗಳು ಮುಳುಗೋದು ನೋಡೋಕೆ ಅತ್ತೆನೂ ಬರ್ತಾರಂತೆ.