ಎಡಮನೆ ಕೇಳಿ ತಗೊಳ್ಳಿ

ಕಲಬುರಗಿಯಿಂದ ಸೇಡಂ ಕಡೆ ಒಂದು ತಾಸಿನ ದಾರಿ. ಅಲ್ಲೊಂದು ಹಳ್ಳಿಯಲ್ಲಿ ಹಿಂದೆ ಅಣ್ಣತಮ್ಮಂದಿರು ಕಟ್ಟಿಸಿದ ಜೋಡಿ ಕಲ್ಲಿನ ಮನೆಗಳನ್ನು ಈಗ ಹೋಮ್‌ಸ್ಟೇ ಮಾಡಿದ್ದಾರೆ. ಏಪ್ರಿಲ್‌ನಲ್ಲಿ ಎರಡು ರಾತ್ರಿ ಇದ್ದು ಬಂದೆ. ಹೆಸರು ಹಾಕುವುದಿಲ್ಲ, ಬೈಯೋದೂ ಸ್ವಲ್ಪ ಇದೆ.

ಜೋಡಿ ಅಂದ್ರೆ ಸುಮ್ನೆ ಪಕ್ಕಪಕ್ಕ ಅಲ್ಲ. ಎರಡಕ್ಕೂ ನಡುಗೋಡೆ ಒಂದೇ. ಕಲಬುರಗಿಯವರಿಗೆ ಇದೇನು ಹೊಸದಲ್ಲ ಬಿಡಿ, ಹಳೇ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್‌ನಲ್ಲಿ 1422ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಫಿರೋಜ್ ಷಾನ ಗೋರಿಗೂ ಎರಡು ಗುಮ್ಮಟ ಅಂಟಿಕೊಂಡೇ ನಿಂತಿವೆಯಲ್ವಾ.

ಮೊದಲ ರಾತ್ರಿ ಬಲಮನೆ ಕೊಟ್ಟರು. ಅದು 'ರಿನೋವೇಷನ್' ಆದ ಮನೆ. ಮಣ್ಣಿನ ಮಾಳಿಗೆ ಕಿತ್ತು ಆರ್‌ಸಿಸಿ ಹಾಕಿದ್ದಾರೆ, ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ನೆಲಕ್ಕೆ ಟೈಲ್ಸ್, ಮೇಲೊಂದು ಎಸಿ. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು ನೋಡಿ, ಸ್ಲ್ಯಾಬ್ ಹಗಲೆಲ್ಲ ಕುಡಿದ ಬಿಸಿಲನ್ನು ನನ್ನ ಮೇಲೇ ಸುರಿಯಿತು. ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿ ನಿಂತಿತ್ತು. ಬೆರಳು ತಾಗಿಸಿದರೆ ಬಿಳಿ ಉಪ್ಪು ಪುಡಿಪುಡಿಯಾಗಿ ಉದುರಿತು. ಇದು ಕಲ್ಲಿನ ತಪ್ಪಲ್ಲ. ಹಳೇ ಗೋಡೆ ನೆಲದ ತೇವ ಹೀರುತ್ತದೆ, ಮಣ್ಣು ಸುಣ್ಣದ ಸಂದಿನಿಂದ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಆ ತೇವ ಎಲ್ಲಿಗೆ ಹೋಗಬೇಕು? ಇಲ್ಲಿನ ಸುಣ್ಣಕಲ್ಲನ್ನೇ ವಾಡಿ, ಮಳಖೇಡ, ಸೇಡಂ ಫ್ಯಾಕ್ಟರಿಗಳಲ್ಲಿ ಸುಟ್ಟು ಸಿಮೆಂಟ್ ಮಾಡುತ್ತಾರೆ. ಅದೇ ವಾಪಸ್ ಬಂದು ಕಲ್ಲಿನ ಬಾಯಿ ಮುಚ್ಚಿದೆ.

ಬೆಳಿಗ್ಗೆ ಜಗಳ ಆಡದೆ ಎಡಮನೆ ಕೇಳಿದೆ. ಅಡುಗೆ ಮಾಡುವ ಆಯಿ, "ನಾ ನಿನ್ನೇನೇ ಹೇಳಾಕಿದ್ದೆ ತಮ್ಮಾ, ಈ ಕಡಿ ತಂಪ ಇರ್ತದ" ಅಂದರು.

ಎಡಮನೆಯನ್ನು ಯಾರೂ ಮುಟ್ಟಿಲ್ಲ, ಬಹುಶಃ ದುಡ್ಡು ಮುಗಿದಿರಬೇಕು. ನಮ್ಮ ಪುಣ್ಯ. ತಲಬಾಗಿಲ ಹತ್ತಿರ ಗೋಡೆಯ ದಪ್ಪ ಅಳೆದೆ, ಸರಿಯಾಗಿ ಮೂರು ಗೇಣು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು, ಅಲ್ಲಲ್ಲಿ ಎರಡೂ ಸಾಲನ್ನು ಹಿಡಿದಿಡಲು ಅಡ್ಡ ಹಾಯಿಸಿದ ಉದ್ದನೆ ಕಲ್ಲು. ನೆಲಕ್ಕೆ ಶಹಾಬಾದ್ ಫರಸಿ. ಈ ಕಲ್ಲು ಗಣಿಯಲ್ಲೇ ಪದರ ಪದರವಾಗಿರುತ್ತದೆ, ಸರಿಯಾದ ಕಡೆ ಉಳಿ ಇಟ್ಟು ಹೊಡೆದರೆ ಹಲಗೆ ಹಾಗೆ ಬಿಡುತ್ತದೆ. ಮಧ್ಯಾಹ್ನ ಚಾಪೆಯನ್ನೂ ಹಾಸದೆ ಅದರ ಮೇಲೇ ಮಲಗಿದೆ, ಬೆಳಕಿಂಡಿಯಿಂದ ಬಿದ್ದ ಬಿಸಿಲ ಚೌಕ ಪಡಸಾಲೆಯ ಕಂಬದಿಂದ ಕಂಬಕ್ಕೆ ಸರಿಯುವುದನ್ನು ನೋಡುತ್ತಾ. ರಾತ್ರಿ ಮಾತ್ರ ಒಳಗೆ ಸ್ವಲ್ಪ ಶೆಕೆ, ದಪ್ಪ ಗೋಡೆ ಆರಲು ಹೊತ್ತು ಬೇಕು. ಹಾಸಿಗೆ ಎತ್ತಿಕೊಂಡು ಮಾಳಿಗೆ ಹತ್ತಿದರೆ ಆಯಿತು.

ನಡುಗೋಡೆ ನೋಡಬೇಕಾದರೆ ಎಡಮನೆಯಲ್ಲೇ ನೋಡಿ. ತೊಲೆಗಳ ತುದಿ ಆ ಗೋಡೆ ಮೇಲೆ ಕೂತಿವೆ. ಬಲಮನೆಯ ತೊಲೆಗಳಿದ್ದ ತೂತುಗಳು ಆ ಕಡೆಯ ಹಿಂದಿನ ಉಗ್ರಾಣದಲ್ಲಿ ಇನ್ನೂ ಕಾಣುತ್ತವೆ. ಲೆಕ್ಕ ಹಾಕಿದರೆ ಯಾವ ತೊಲೆಯೂ ಆಚೆ ತೊಲೆಗೆ ಎದುರುಬದುರಾಗಿಲ್ಲ, ಒಂದೊಂದು ಗೇಣು ಸರಿಸಿ ಇಟ್ಟಿದ್ದಾರೆ. ಎರಡು ಮನೆಯ ಭಾರ ಒಂದೇ ಕಲ್ಲಿನ ಮೇಲೆ ಬೀಳಬಾರದು ಅಂತ ಇರಬೇಕು. ಆ ಗೌಂಡಿಗೆ ಶರಣು.

ಊಟ ಚೆನ್ನಾಗಿದೆ: ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬಚ್ಚಲು ಹಿತ್ತಲಲ್ಲಿದೆ, ರಾತ್ರಿ ಟಾರ್ಚ್ ಬೇಕು. ರಾತ್ರಿಗೆ 1,800 ರೂಪಾಯಿ, ಬಲಮನೆಗೆ ಎಸಿ ಅಂತ 500 ಜಾಸ್ತಿ. ಅಂದ್ರೆ ಕೆಡಿಸಿದ್ದಕ್ಕೆ ಎಕ್ಸ್‌ಟ್ರಾ! ಎಡಮನೆಗೆ ಐದಕ್ಕೆ ನಾಲ್ಕೂವರೆ, ಬಲಮನೆಗೆ ಎರಡು, ಅದೂ ಆಯಿಯ ರೊಟ್ಟಿಗೆ.

ಒಂದು ಮಾತು ಬಿಟ್ಟೆ. ನಡುಗೋಡೆಯಲ್ಲಿ ಎರಡೂ ಅಡುಗೆಮನೆಗೆ ತೆರೆದಿರುವ ಒಂದು ಗೂಡು ಇದೆ. ಅಲ್ಲಿಟ್ಟ ಒಂದೇ ದೀಪ ಎರಡೂ ಮನೆಗೆ ಬೆಳಕು ಕೊಡುತ್ತಿತ್ತಂತೆ. ಬೆಂಕಿ, ಮಜ್ಜಿಗೆ ಎಲ್ಲ ಅಲ್ಲಿಂದಲೇ ದಾಟುತ್ತಿತ್ತಂತೆ. ಬಲಮನೆ ಕಡೆ ಪ್ಲೈವುಡ್ ಹೊಡೆದು ಟಿವಿ ತೂಗುಹಾಕಿದ್ದಾರೆ. ಎಡಗಡೆ ಮಸಿ ಹಾಗೇ ಇದೆ, ಆಯಿ ಕಡ್ಡಿಪೆಟ್ಟಿಗೆ ಇಡುವುದು ಅಲ್ಲೇ.