ಜರ್ಮನಿಯ ವಾಸ ಪರವಾನಗಿ ಸೇವೆ: ಒಂಬತ್ತು ವರ್ಷ ಬಳಸಿದವನ ವಿಮರ್ಶೆ

ಜರ್ಮನಿಯಲ್ಲಿ ನೆಲೆಸಿರುವ ವಿದೇಶೀಯರು ವಾಸ ಪರವಾನಗಿಗಾಗಲಿ, ಹೆಚ್ಚು ಸಂಬಳದ ನುರಿತ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡಿಗಾಗಲಿ, ಪಿಆರ್ ಎಂಬ ಕಾಯಂ ವಾಸದ ಪರವಾನಗಿಗಾಗಲಿ ಹೋಗಬೇಕಾದ ಜಾಗ ಒಂದೇ. ಅದರ ಹೆಸರು ಆಸ್‌ಲೆಂಡರ್‌ಬೆಹೋರ್ಡೆ, ಅಂದರೆ ವಿದೇಶೀಯರ ಕಚೇರಿ. ದೇಶದಾದ್ಯಂತ ಇಂತಹ ಐನೂರಕ್ಕೂ ಹೆಚ್ಚು ಕಚೇರಿಗಳಿವೆಯಾದರೂ, ಮನೆಯ ವಿಳಾಸ ಯಾವ ಊರಿನಲ್ಲಿ ನೋಂದಣಿಯಾಗಿದೆಯೋ ಆ ಊರಿನ ವ್ಯಾಪ್ತಿಯ ಕಚೇರಿಯಲ್ಲೇ ಕೆಲಸ ಆಗಬೇಕು. ಪಕ್ಕದ ಊರಿನಲ್ಲಿ ಬೇಗ ಆಗುತ್ತದೆಂದು ಅಲ್ಲಿಗೆ ಹೋಗುವಂತಿಲ್ಲ. 2016ರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿ ಬಂದ ನಾನು ವಿದ್ಯಾರ್ಥಿ ಪರವಾನಗಿ, ಕೆಲಸ ಹುಡುಕುವವರ ಪರವಾನಗಿ, ಬ್ಲೂ ಕಾರ್ಡ್, ಕೊನೆಗೆ ಪಿಆರ್ ಎಂದು ನಾಲ್ಕು ಬಗೆಯ ಕಾರ್ಡುಗಳನ್ನು ಈ ಸೇವೆಯಿಂದ ಪಡೆದಿದ್ದೇನೆ. ಇದೇ ಅವಧಿಯಲ್ಲಿ ಇಲ್ಲಿನ ವಲಸೆ ಕಾನೂನು ಎರಡು ಬಾರಿ ದೊಡ್ಡ ಪ್ರಮಾಣದಲ್ಲಿ ಬದಲಾಯಿತು. ಆ ಸುಧಾರಣೆಗಳು ಕಾನೂನಿನ ಪುಟದಲ್ಲಿ ಹೇಗಿವೆ, ಕೌಂಟರಿನ ಮುಂದೆ ನಿಂತವರಿಗೆ ಹೇಗೆ ಕಾಣುತ್ತವೆ ಎಂಬುದನ್ನು ಬಳಕೆದಾರರ ಕಡೆಯಿಂದ ಬರೆದಿಡುವುದು ಅಗತ್ಯವೆಂದು ನನಗೆ ಅನಿಸಿದೆ, ಏಕೆಂದರೆ ಈ ನಿಯಮಗಳ ಬಗ್ಗೆ ಸಂಸತ್ತಿನಲ್ಲೂ ಟೀವಿಯಲ್ಲೂ ನಡೆಯುವ ಚರ್ಚೆಗಳಲ್ಲಿ ಅವುಗಳ ಅಡಿಯಲ್ಲಿ ಬದುಕುವವರ ಮಾತು ಬಹಳ ವಿರಳವಾಗಿ ಕೇಳಿಬರುತ್ತದೆ.

ಮೊದಲು ನಿಯಮಗಳ ವಿಚಾರ. ಈ ಭಾಗದಲ್ಲಿ ನನಗೆ ಮೆಚ್ಚುಗೆಯೇ ಹೆಚ್ಚು. ನುರಿತ ಉದ್ಯೋಗಿಗಳ ವಲಸೆ ಕಾಯ್ದೆ 2020ರ ಮಾರ್ಚ್ 1ರಂದು ಜಾರಿಗೆ ಬಂತು. ಅದನ್ನು ಇನ್ನಷ್ಟು ಸಡಿಲಗೊಳಿಸಿದ ತಿದ್ದುಪಡಿ 2023ರ ನವೆಂಬರಿನಿಂದ 2024ರ ಜೂನ್ ವರೆಗೆ ಮೂರು ಹಂತಗಳಲ್ಲಿ ಅನ್ವಯವಾಯಿತು. 2023ರ ಆರಂಭದಲ್ಲಿ ಬ್ಲೂ ಕಾರ್ಡಿಗೆ ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 58,400 ಯೂರೊ ಸಂಬಳ ಬೇಕಿತ್ತು; ಆ ನವೆಂಬರಿನಲ್ಲಿ ಅದು 43,800ಕ್ಕೆ ಇಳಿಯಿತು. ಸಂಬಳಗಳ ಏರಿಕೆಗೆ ತಕ್ಕಂತೆ ಪ್ರತಿ ವರ್ಷ ಈ ಮಿತಿ ಬದಲಾಗುವುದರಿಂದ 2025ರಲ್ಲಿ ಅದು 48,300 ಆಗಿದ್ದರೂ, ಹಳೆಯ ಮಟ್ಟಕ್ಕಿಂತ ಇನ್ನೂ ಬಹಳ ಕೆಳಗಿದೆ. ಪದವಿ ಇಲ್ಲದಿದ್ದರೂ ಸಾಕಷ್ಟು ಅನುಭವವಿರುವ ಐಟಿ ಉದ್ಯೋಗಿಗಳಿಗೆ ಬ್ಲೂ ಕಾರ್ಡಿನ ಬಾಗಿಲು ತೆರೆಯಿತು. ಬ್ಲೂ ಕಾರ್ಡ್ ಇರುವವರಿಗೆ ಪಿಆರ್ ಸಿಗಲು ಮೊದಲು 33 ತಿಂಗಳು ಬೇಕಿತ್ತು, ಈಗ 27 ಸಾಕು. ಜರ್ಮನ್ ಭಾಷೆಯಲ್ಲಿ ಬಿ1 ಎಂಬ ಮಧ್ಯಮ ಮಟ್ಟ ತಲುಪಿದವರಿಗೆ 21 ತಿಂಗಳೇ ಸಾಕು. ಭಾಷೆ ಕಲಿತವರಿಗೆ ಬೇಗ ಕೊಡುವ ಈ ಕ್ರಮವನ್ನು ನಾನು ಮನಸಾರೆ ಒಪ್ಪುತ್ತೇನೆ. ಸಂಜೆ ತರಗತಿಗಳಿಗೆ ಹೋಗಿ ಬಿ1 ಮುಗಿಸಿದ ಮೇಲೆಯೇ ನನಗೆ ವೈದ್ಯರ ಜೊತೆ, ಮನೆ ಮಾಲೀಕರ ಜೊತೆ, ಮಗಳ ಕಿಂಡರ್‌ಗಾರ್ಟನ್ ಶಿಕ್ಷಕಿಯ ಜೊತೆ ಸರಿಸಮವಾಗಿ ಮಾತನಾಡಲು ಸಾಧ್ಯವಾದದ್ದು. ನನ್ನ ಕೆಲವು ಗೆಳೆಯರು ಇಂಗ್ಲಿಷಿನಲ್ಲೇ ಕಚೇರಿ ಕೆಲಸ ನಡೆಯುವವರಿಗೆ ಈ ಷರತ್ತು ಅನ್ಯಾಯವೆನ್ನುತ್ತಾರೆ, ಆದರೆ ಅವರ ವಾದ ನನಗೆ ಒಪ್ಪಿಗೆಯಾಗಿಲ್ಲ.

ಹೊರಗಿನಿಂದ ಅರ್ಜಿ ಹಾಕುವವರ ಅನುಭವವೂ ಸುಧಾರಿಸಿದೆ. 2025ರ ಜನವರಿಯಿಂದ ಜರ್ಮನಿಯ ವಿದೇಶಾಂಗ ಸಚಿವಾಲಯದ ಆನ್‌ಲೈನ್ ಪೋರ್ಟಲ್ ಜಗತ್ತಿನಾದ್ಯಂತ ಇರುವ ಅದರ 167 ವೀಸಾ ಕಚೇರಿಗಳಿಗೂ ವಿಸ್ತರಿಸಿದೆ, ದಾಖಲೆಗಳನ್ನು ಅದರಲ್ಲೇ ಮೊದಲು ಪರಿಶೀಲಿಸುತ್ತಾರೆ. ಭಾರತೀಯ ನುರಿತ ಉದ್ಯೋಗಿಗಳ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸಲು ಜರ್ಮನಿ ನಿರ್ಧರಿಸಿದೆಯೆಂಬುದು 2024ರ ಅಕ್ಟೋಬರಿನಲ್ಲಿ ಆಗಿನ ಚಾನ್ಸಲರ್ ಓಲಾಫ್ ಶೋಲ್ಟ್ಸ್ ದೆಹಲಿಗೆ ಬಂದಿದ್ದಾಗ ಪ್ರಕಟವಾಯಿತು. ಅಂದರೆ ಬರುವ ಬಾಗಿಲು ಅಗಲವಾಗಿದೆ. ಬಂದವರೆಲ್ಲ ಒಂದೆರಡು ವರ್ಷಗಳ ನಂತರ ನವೀಕರಣಕ್ಕಾಗಿ ನಿಲ್ಲುವ ಬಾಗಿಲು ಮಾತ್ರ ಮೊದಲಿದ್ದಷ್ಟೇ ಕಿರಿದಾಗಿದೆ, ಮತ್ತು ನನ್ನ ದೂರಿನ ಮುಖ್ಯ ಅಂಶ ಇದೇ.

ನಾನು ವಾಸಿಸುವ ನಗರದ ಕಚೇರಿಯಲ್ಲಿ ಕೆಲಸವಾಗಬೇಕಾದರೆ ಮೊದಲು ಟರ್ಮಿನ್ ಬೇಕು. ಭೇಟಿಯ ಸಮಯಕ್ಕೆ ಇಲ್ಲಿನ ಕನ್ನಡಿಗರೂ ಈ ಜರ್ಮನ್ ಪದವನ್ನೇ ಬಳಸುತ್ತಾರೆ, ಏಕೆಂದರೆ ದಿನಕ್ಕೊಮ್ಮೆಯಾದರೂ ಅದನ್ನು ಉಚ್ಚರಿಸದ ವಿದೇಶೀಯರಿಲ್ಲ. ಜಾಲತಾಣದಲ್ಲಿ ಟರ್ಮಿನ್‌ಗಳು ಖಾಲಿ ಇಲ್ಲವೆಂಬ ಸಾಲು ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ಇಮೇಲ್ ಬರೆದರೆ, ಅರ್ಜಿ ತಲುಪಿದೆ, ಮತ್ತೆ ಮತ್ತೆ ವಿಚಾರಿಸಬೇಡಿ, ವಿಚಾರಿಸಿದರೆ ಕೆಲಸ ಇನ್ನೂ ತಡವಾಗುತ್ತದೆ ಎಂಬ ಅರ್ಥದ ಸ್ವಯಂಚಾಲಿತ ಉತ್ತರ ಬರುತ್ತದೆ. ದೂರವಾಣಿಗೆ ನಿಗದಿಯಾದ ಗಂಟೆಗಳಲ್ಲಿ ಲೈನ್ ಯಾವಾಗಲೂ ಬಿಡುವಿಲ್ಲದೆ ಇರುತ್ತದೆ. ಇದು ಸಿಬ್ಬಂದಿಯ ಸೋಮಾರಿತನದಿಂದ ಆಗಿದೆಯೆಂದು ನಾನು ಹೇಳುವುದಿಲ್ಲ. ಒಳಗೆ ಕುಳಿತವರನ್ನು ನಾನು ನಾಲ್ಕಾರು ಬಾರಿ ಹತ್ತಿರದಿಂದ ಕಂಡಿದ್ದೇನೆ: ಅವರ ಮೇಜಿನ ಹಿಂದೆ ಕಡತಗಳು ಕಪಾಟಿನ ತುಂಬಾ ಇರುತ್ತವೆ, ಅವರಲ್ಲಿ ಹೆಚ್ಚಿನವರು ಸೌಜನ್ಯದಿಂದಲೇ ಮಾತನಾಡುತ್ತಾರೆ. ಕಾನೂನನ್ನು ಸಂಸತ್ತು ಮಾಡುತ್ತದೆ, ಜಾರಿಗೊಳಿಸುವ ಹೊರೆ ರಾಜ್ಯಗಳ ಮತ್ತು ನಗರಾಡಳಿತಗಳ ಮೇಲೆ ಬೀಳುತ್ತದೆ. ಕಾನೂನು ಸಡಿಲವಾದಷ್ಟೂ ಅರ್ಜಿಗಳು ಹೆಚ್ಚಾಗುತ್ತವೆ, ಕುರ್ಚಿಗಳ ಸಂಖ್ಯೆ ಅದಕ್ಕೆ ತಕ್ಕಂತೆ ಹೆಚ್ಚಾಗುವುದಿಲ್ಲ.

ಈ ವಿಳಂಬದ ಬೆಲೆ ಏನೆಂಬುದನ್ನು ನಾನು 2023ರ ಫೆಬ್ರವರಿಯಲ್ಲಿ ಅರಿತೆ. ಬ್ಲೂ ಕಾರ್ಡಿನ ಅವಧಿ ಜನವರಿಯಲ್ಲಿ ಮುಗಿಯಲಿದ್ದುದರಿಂದ ಹಿಂದಿನ ಅಕ್ಟೋಬರಿನಲ್ಲೇ ಪಿಆರ್‌ಗೆ ಅರ್ಜಿ ಕೊಟ್ಟಿದ್ದೆ. ಅವಧಿಗೆ ಮುಂಚೆ ಅರ್ಜಿ ಹಾಕಿದವರ ಹಳೆಯ ಪರವಾನಗಿ, ಕಚೇರಿ ತೀರ್ಮಾನಿಸುವವರೆಗೂ ಊರ್ಜಿತವಾಗಿದೆಯೆಂದು ವಾಸ ಕಾಯ್ದೆಯ 81ನೆಯ ಕಲಮು ಹೇಳುತ್ತದೆ. ಆದರೆ ಅದನ್ನು ವಿಮಾನ ನಿಲ್ದಾಣದಲ್ಲಿ ತೋರಿಸಲು ಫಿಕ್ಷನ್ಸ್‌ಬೆಶೈನಿಗುಂಗ್ ಎಂಬ ಕಾಗದ ಬೇಕು. ಅದರ ಶುಲ್ಕ 13 ಯೂರೊ ಮಾತ್ರ, ಸಿಗುವುದು ಮಾತ್ರ ಕಚೇರಿ ಕರೆದಾಗ. ಅದು ನನ್ನ ಕೈಗೆ ಬಂದಿರಲಿಲ್ಲ. ಸಾಗರದಲ್ಲಿ ಅಪ್ಪ ಹೃದಯಾಘಾತದಿಂದ ತೀರಿಕೊಂಡರೆಂದು ತಮ್ಮ ರಾತ್ರಿ ಫೋನ್ ಮಾಡಿದಾಗ ನನ್ನ ಬಳಿ ಇದ್ದದ್ದು ಅವಧಿ ಮುಗಿದ ಕಾರ್ಡು ಮತ್ತು ಆ ಸ್ವಯಂಚಾಲಿತ ಇಮೇಲ್. ಹೊರಟುಹೋಗಬಹುದಿತ್ತು, ಹಿಂದಿರುಗುವಾಗ ವಿಮಾನ ಹತ್ತಿಸುವುದಿಲ್ಲವೆಂಬ ಭಯ, ಇಲ್ಲಿ ಹೆಂಡತಿ ಮತ್ತು ಎರಡು ವರ್ಷದ ಮಗು. ಬೆಳಿಗ್ಗೆ ಆರು ಗಂಟೆಗೆ ಕಚೇರಿಯ ಬಾಗಿಲಿಗೆ ಹೋಗಿ ನಿಂತೆ. ಟರ್ಮಿನ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲವೆಂದು ಕಾವಲುಗಾರ ಹೇಳಿದ. ನಾಲ್ಕು ದಿನ ಹಾಗೆಯೇ ಹೋಗಿ ಬಂದೆ. ಐದನೆಯ ದಿನ ಒಳಗಿನಿಂದ ಹೊರಗೆ ಬಂದ ಒಬ್ಬ ಮಹಿಳಾ ಅಧಿಕಾರಿ ನನ್ನ ಕೈಯಲ್ಲಿದ್ದ ಮರಣ ಪತ್ರದ ಅನುವಾದವನ್ನು ಓದಿ, ಹತ್ತು ನಿಮಿಷದಲ್ಲಿ ಆ ಕಾಗದವನ್ನು ಮುದ್ರಿಸಿ ಮುದ್ರೆ ಒತ್ತಿ ಕೊಟ್ಟರು. ಹಿರಿಯ ಮಗನಾದ ನಾನು ಮಾಡಬೇಕಿದ್ದ ಸಂಸ್ಕಾರವನ್ನು ತಮ್ಮ ಮಾಡಿದ್ದ. ನಾನು ಮನೆ ತಲುಪಿದಾಗ ಏಳನೆಯ ದಿನ. ಹತ್ತು ನಿಮಿಷದ ಆ ಕೆಲಸವನ್ನು ಅರ್ಜಿ ತಲುಪಿದ ದಿನವೇ ಯಾರ ಕೋರಿಕೆಯೂ ಇಲ್ಲದೆ ಮಾಡಲು ಏನು ಅಡ್ಡಿಯಿತ್ತೆಂಬ ಪ್ರಶ್ನೆಗೆ ನನಗೆ ಇಂದಿಗೂ ಉತ್ತರ ಸಿಕ್ಕಿಲ್ಲ.

ಕೆಲಸ ಬದಲಿಸುವವರು, ಮನೆ ಬಾಡಿಗೆಗೆ ಪಡೆಯುವವರು, ಬ್ಯಾಂಕಿನಲ್ಲಿ ಸಾಲ ಕೇಳುವವರು ಇದೇ ಬಗೆಯ ಕಷ್ಟವನ್ನು ಬೇರೆ ಬೇರೆ ರೂಪಗಳಲ್ಲಿ ಅನುಭವಿಸುತ್ತಾರೆ. ಅರ್ಜಿ ಹಾಕಿ ಮೂರು ತಿಂಗಳಾದರೂ ತೀರ್ಮಾನ ಬಾರದಿದ್ದರೆ ಆಡಳಿತ ನ್ಯಾಯಾಲಯದಲ್ಲಿ ನಿಷ್ಕ್ರಿಯತೆಯ ದಾವೆ ಹೂಡಬಹುದು. ಈ ದಾರಿ ಹಿಡಿದ ನನ್ನ ಇಬ್ಬರು ಪರಿಚಿತರಿಗೆ ದಾವೆ ಸಲ್ಲಿಸಿದ ಕೆಲವೇ ವಾರಗಳಲ್ಲಿ ಕಾರ್ಡು ಬಂತು. ವಕೀಲರ ಶುಲ್ಕ ಭರಿಸಬಲ್ಲವರು ಸಾಲಿನಲ್ಲಿ ಮುಂದೆ ಹೋಗುವ ಈ ವ್ಯವಸ್ಥೆ ಸರಿಯಲ್ಲವೆಂದು ಅವರಿಬ್ಬರೂ ಒಪ್ಪುತ್ತಾರೆ. ಕಚೇರಿಯ ಶುಲ್ಕಗಳ ಬಗ್ಗೆ ಮಾತ್ರ ಯಾರದೂ ತಕರಾರಿಲ್ಲ: ವಾಸ ಪರವಾನಗಿಗೆ 100 ಯೂರೊ, ಪಿಆರ್‌ಗೆ 113 ಯೂರೊ ಎಂಬುದು ನ್ಯಾಯವಾದ ಬೆಲೆ.

ಬೇರೆ ದೇಶಗಳಿಂದ ಬಂದವರನ್ನು ಕೇಳಿದಾಗ ಅಭಿಪ್ರಾಯಗಳು ಒಂದೇ ಬಗೆಯಲ್ಲಿರುವುದಿಲ್ಲ. ನಮ್ಮ ಮೇಲಿನ ಮನೆಯ ಟರ್ಕಿ ಮೂಲದ ಹಿರಿಯರ ತಂದೆ, ಜರ್ಮನಿ ಮತ್ತು ಟರ್ಕಿಯ ನಡುವಿನ 1961ರ ಕಾರ್ಮಿಕ ಒಪ್ಪಂದದ ನಂತರ ಅತಿಥಿ ಕಾರ್ಮಿಕರಾಗಿ ಬಂದವರು. ಟರ್ಕಿಯ ಪಾಸ್‌ಪೋರ್ಟ್ ಬಿಡಲೊಲ್ಲದೆ ಆ ಹಿರಿಯರು ಅರ್ಧ ಶತಮಾನ ವಿದೇಶೀಯರಾಗಿಯೇ ಉಳಿದಿದ್ದರು. 2024ರ ಜೂನ್ 27ರಿಂದ ಜರ್ಮನಿ ದ್ವಿಪೌರತ್ವವನ್ನು ಎಲ್ಲರಿಗೂ ಒಪ್ಪಿದ್ದೇ ಅವರ ಪಾಲಿಗೆ ದೊಡ್ಡ ಸುಧಾರಣೆ. ಪೌರತ್ವದ ಪ್ರಮಾಣ ಪತ್ರವನ್ನು ಅವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ನಮ್ಮ ಸಂವಿಧಾನ ದ್ವಿಪೌರತ್ವವನ್ನು ಒಪ್ಪದಿರುವುದರಿಂದ ಭಾರತೀಯರಿಗೆ ಆ ಭಾಗ್ಯವಿಲ್ಲ. ಜರ್ಮನ್ ಆಗುವವರು ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕು, ಬೇಕಿದ್ದರೆ ಭಾರತ ಮೂಲದ ವಿದೇಶೀಯರಿಗೆ ಕೊಡುವ ಒಸಿಐ ಕಾರ್ಡು ಪಡೆಯಬಹುದು. ಎಂಟು ವರ್ಷಕ್ಕೆ ಬದಲಾಗಿ ಐದು ವರ್ಷಕ್ಕೇ ಪೌರತ್ವ ಸಿಗುವಂತಾಗಿದ್ದರೂ ನಾನು ಇನ್ನೂ ಅರ್ಜಿ ಹಾಕದಿರಲು ಇದೇ ಕಾರಣ. ವಿಶೇಷ ಸಾಧನೆ ತೋರಿದವರಿಗೆ ಮೂರೇ ವರ್ಷಕ್ಕೆ ಪೌರತ್ವ ಕೊಡುವ ಅವಕಾಶವನ್ನು 2025ರ ಅಕ್ಟೋಬರಿನಲ್ಲಿ ರದ್ದುಪಡಿಸಿದಾಗ ನನ್ನ ಬ್ರೆಜಿಲ್ ಸಹೋದ್ಯೋಗಿ ತುಂಬ ನೊಂದುಕೊಂಡಳು. ಅವಳು ಸಿ1 ಎಂಬ ಉನ್ನತ ಮಟ್ಟದ ಜರ್ಮನ್ ಪರೀಕ್ಷೆಗೆ ಅದಕ್ಕಾಗಿಯೇ ಹಗಲಿರುಳು ಓದಿದ್ದಳು. ಐದು ವರ್ಷವೇ ಸಾಕಷ್ಟು ಬೇಗ ಎಂಬ ಮಾತಿನಲ್ಲಿ ಸತ್ಯವಿದೆಯಾದರೂ, ಒಂದು ವರ್ಷ ನಾಲ್ಕು ತಿಂಗಳಲ್ಲಿ ಕೊಟ್ಟು ಕಿತ್ತುಕೊಂಡ ನಿಯಮವನ್ನು ನಂಬಿ ಬದುಕನ್ನು ಯೋಜಿಸಿಕೊಂಡವರ ಬೇಸರ ನನಗೆ ಅರ್ಥವಾಗುತ್ತದೆ.

ಪುತ್ತೂರಿನ ಕಡೆಯ ಒಬ್ಬ ನರ್ಸ್ ನಮ್ಮ ಕನ್ನಡ ಗೆಳೆಯರ ಬಳಗದಲ್ಲಿದ್ದಾರೆ. ಊರಿನಲ್ಲಿ ಐಸಿಯು ನೋಡಿಕೊಂಡಿದ್ದವರು, ಪದವಿಗೆ ಇಲ್ಲಿನ ಮಾನ್ಯತೆ ಸಿಗುವವರೆಗೆ ಸಹಾಯಕಿಯಾಗಿ ಕಡಿಮೆ ಸಂಬಳಕ್ಕೆ ದುಡಿದರು. ವೀಸಾ ನಿಯಮವನ್ನು ಎಷ್ಟೇ ಸುಧಾರಿಸಿದರೂ ಮಾನ್ಯತೆಯ ಕಡತ ಬೇರೊಂದು ಇಲಾಖೆಯಲ್ಲಿ ಕುಳಿತಿದ್ದರೆ ಏನು ಪ್ರಯೋಜನ ಎಂಬ ಅವರ ಮಾತು ನೇರವಾಗಿದೆ. 2025ರ ಸಮ್ಮಿಶ್ರ ಸರ್ಕಾರದ ಒಪ್ಪಂದದಲ್ಲಿ ಮಾನ್ಯತೆ, ವೀಸಾ, ಉದ್ಯೋಗ ಒಪ್ಪಿಗೆಗಳನ್ನು ಒಂದೇ ಡಿಜಿಟಲ್ ಸಂಸ್ಥೆಯಡಿ ತರುವ ‘ವರ್ಕ್ ಅಂಡ್ ಸ್ಟೇ’ ಯೋಜನೆಯಿದೆ. ಹೊಸದಾಗಿ ಬರುವವರಿಗೆ ಇದರಿಂದ ಅನುಕೂಲವಾಗಬಹುದು. ಈಗಾಗಲೇ ಇಲ್ಲಿರುವವರ ನವೀಕರಣವೂ ಅದರೊಳಗೆ ಬರದಿದ್ದರೆ ನಮ್ಮ ಸಾಲು ಕರಗುವುದಿಲ್ಲ.

ಸುಧಾರಣೆಗಳ ಪೈಕಿ ನನ್ನನ್ನು ಅತ್ಯಂತ ಹೆಚ್ಚು ಕಾಡುವುದು ತಂದೆ ತಾಯಿಯರನ್ನು ಕರೆತರುವ ನಿಯಮ. 2024ರ ಮಾರ್ಚ್ 1ರಂದು ಅಥವಾ ಆನಂತರ ಮೊದಲ ಬಾರಿಗೆ ಬ್ಲೂ ಕಾರ್ಡನ್ನೋ ನುರಿತ ಉದ್ಯೋಗಿಯ ಪರವಾನಗಿಯನ್ನೋ ಪಡೆದವರು ತಮ್ಮ ತಂದೆ ತಾಯಿಯರನ್ನು, ಸಂಗಾತಿಯೂ ಇಲ್ಲೇ ನೆಲೆಸಿದ್ದರೆ ಅತ್ತೆ ಮಾವಂದಿರನ್ನೂ ಕರೆತರಬಹುದು. ಹೊಸಬರನ್ನು ಆಕರ್ಷಿಸುವುದು ಇದರ ಉದ್ದೇಶವೆಂಬುದು ಸ್ಪಷ್ಟ. ಆದರೆ 2019ರಲ್ಲಿ ಬ್ಲೂ ಕಾರ್ಡ್ ಪಡೆದು ಆರು ವರ್ಷಗಳಿಂದ ತೆರಿಗೆಯನ್ನೂ ಪಿಂಚಣಿ ನಿಧಿಯ ವಂತಿಗೆಯನ್ನೂ ಕಟ್ಟುತ್ತಿರುವ ನನಗೆ ಈ ಅವಕಾಶವಿಲ್ಲ. ಕಳೆದ ವರ್ಷ ಬಂದ ನನ್ನ ಕಿರಿಯ ಸಹೋದ್ಯೋಗಿಗೆ ಇದೆ. ಅವನಿಗೂ ದಾರಿ ಸುಲಭವಲ್ಲ, ಏಕೆಂದರೆ ತಂದೆ ತಾಯಿಯರ ಆರೋಗ್ಯ ವಿಮೆಯ ವೆಚ್ಚವನ್ನು ಅವನೇ ಭರಿಸಬೇಕು, ವಯಸ್ಸಾದವರಿಗೆ ವಿಮೆ ಕೊಡಲು ಕಂಪನಿಗಳು ಹಿಂದೆಮುಂದೆ ನೋಡುತ್ತವೆ. ಸಾಗರದ ಮನೆಯಲ್ಲಿ ಒಬ್ಬರೇ ಇರುವ ಅಮ್ಮ ಶೆಂಗನ್ ವೀಸಾದಲ್ಲಿ ಬಂದರೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಮೊಮ್ಮಗಳು ಅಜ್ಜಿಯ ಜೊತೆ ಕನ್ನಡದಲ್ಲಿ ಪೂರ್ತಿ ವಾಕ್ಯ ಹೇಳಲು ಶುರುಮಾಡುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತದೆ. ವಿಮೆಯ ಷರತ್ತನ್ನು ಇಟ್ಟುಕೊಂಡೇ ಆ ದಿನಾಂಕದ ಗೆರೆಯನ್ನು ಅಳಿಸಿದರೆ ಸರ್ಕಾರಕ್ಕೆ ಹೊರೆಯಾಗುವುದಿಲ್ಲ, ನಮ್ಮಂಥ ಬಹಳ ಮನೆಗಳಿಗೆ ಹಿರಿಯರು ಸಿಗುತ್ತಾರೆ.

ಇದನ್ನೆಲ್ಲ ಹೇಳಲು ನಮಗೆ ಮತವಿಲ್ಲ. ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಇಲ್ಲಿ ನಗರಸಭೆಯ ಚುನಾವಣೆಯಲ್ಲೂ ಮತದಾನದ ಹಕ್ಕಿಲ್ಲ. ಅದನ್ನು ಕೊಡಹೊರಟ ಎರಡು ರಾಜ್ಯಗಳ ಕಾನೂನುಗಳನ್ನು ಸಂವಿಧಾನ ನ್ಯಾಯಾಲಯ 1990ರಲ್ಲೇ ಅಸಿಂಧುಗೊಳಿಸಿತು. ಉಳಿದಿರುವುದು ಹಲವು ನಗರಗಳಲ್ಲಿ ವಿದೇಶೀಯರೇ ಆರಿಸುವ ಸಲಹಾ ಮಂಡಳಿ. ಅದಕ್ಕೆ ನಿರ್ಣಯದ ಅಧಿಕಾರ ಇಲ್ಲವಾದರೂ, ಅದರ ಮಾತು ನಗರಸಭೆಯ ಕಡತಕ್ಕೆ ಸೇರುತ್ತದೆ.

ಅಂಕ ಕೊಡುವುದಾದರೆ ಐದರಲ್ಲಿ ಕಾನೂನಿಗೆ ನಾಲ್ಕು, ಕಚೇರಿಯ ಸೇವೆಗೆ ಒಂದೂವರೆ ಕೊಡುತ್ತೇನೆ. ಆ ಅರ್ಧ ಅಂಕ ಐದನೆಯ ದಿನ ಹೊರಗೆ ಬಂದ ಅಧಿಕಾರಿಗೆ ಸಲ್ಲಬೇಕು. ಹೊಸದಾಗಿ ಅರ್ಜಿ ಹಾಕುವವರು ಅವಧಿ ಮುಗಿಯಲು ಮೂರು ನಾಲ್ಕು ತಿಂಗಳಿರುವಾಗಲೇ ಹಾಕಿ, ಮೊದಲ ಪತ್ರದಲ್ಲೇ ಫಿಕ್ಷನ್ಸ್‌ಬೆಶೈನಿಗುಂಗ್ ಬೇಕೆಂದು ಬರೆಯಿರಿ, ಆ ಪತ್ರವನ್ನು ಇಮೇಲ್ ಜೊತೆಗೆ ನೋಂದಾಯಿತ ಅಂಚೆಯಲ್ಲೂ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಅರ್ಜಿ ತಲುಪಿದ ವಾರದೊಳಗೆ ಈ ಕಾಗದವನ್ನು ತಾನಾಗಿಯೇ ಅಂಚೆಯಲ್ಲಿ ಕಳುಹಿಸುವ ಪದ್ಧತಿ ಬರಬೇಕೆಂಬ ಒಂದು ಪುಟದ ಮನವಿಯನ್ನು ಜರ್ಮನ್ ಭಾಷೆಯಲ್ಲಿ ಬರೆದು, ಹನ್ನೊಂದು ದೇಶಗಳ ಮೂವತ್ತೆರಡು ನಿವಾಸಿಗಳ ಸಹಿಯೊಂದಿಗೆ ನಮ್ಮ ನಗರದ ಸಲಹಾ ಮಂಡಳಿಗೆ ಕೊಟ್ಟಿದ್ದೇವೆ. ಮುಂದಿನ ಸಭೆಯಲ್ಲಿ ಅದನ್ನು ಚರ್ಚೆಗೆ ತೆಗೆದುಕೊಳ್ಳುವುದಾಗಿ ಮಂಡಳಿಯವರು ತಿಳಿಸಿದ್ದಾರೆ.