ಶಿವಮೊಗ್ಗದ ಡಾಗ್ ಶೋ: ವ್ಯವಸ್ಥೆಗೆ ಎರಡು ಸ್ಟಾರ್, ಜಡ್ಜಿಗೆ ಐದು

ಮೊದಲೇ ಹೇಳಿಬಿಡುತ್ತೇನೆ. ಕಪ್ ಹೊಡೆಯಬೇಕು, ಫೋಟೋ ಹಾಕಬೇಕು ಅಂತ ಹೋಗುವವರಿಗೆ ಈ ಶೋ ಅಷ್ಟಕ್ಕಷ್ಟೆ. ನಮ್ಮ ನಾಯಿ ನಿಜಕ್ಕೂ ಎಂಥದ್ದು ಅಂತ ಬಲ್ಲವರ ಬಾಯಲ್ಲಿ ಕೇಳಬೇಕು ಅನ್ನುವವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ನಾನು ಎರಡನೆಯದಕ್ಕೇ ಹೋಗಿದ್ದೆ ಅಂದರೆ ಸುಳ್ಳಾಗುತ್ತದೆ. ಕಪ್ಪಿಗೇ ಹೋಗಿದ್ದೆ.

ನಮ್ಮದು ಹೊಸನಗರದ ಕಡೆ ತೋಟ. ನಾಯಿಯ ಹೆಸರು ಬಾಣ. ಎರಡು ವರ್ಷದ ಗಂಡು, ಮುಧೋಳ. ಮಲೆನಾಡಿಗೆ ಮುಧೋಳ ಯಾಕಪ್ಪಾ ಅಂತ ಎಲ್ಲರೂ ಕೇಳುತ್ತಾರೆ, ಕೇಳೋದೂ ಸರಿಯೇ. ಬಯಲಲ್ಲಿ ಮೊಲದ ಹಿಂದೆ ಓಡುವ ನಾಯಿ ಅದು, ಮೈಮೇಲೆ ಕೂದಲು ಹೆಸರಿಗಷ್ಟೇ, ಜುಲೈ ಮಳೆ ಹಿಡಿದರೆ ಬಚ್ಚಲೊಲೆ ಮುಂದೆ ಮುದುಡಿಕೊಂಡು ಮಲಗಿ ಊಟಕ್ಕೂ ಏಳೋದಿಲ್ಲ, ಮಳೆ ಬಿಟ್ಟ ಮೇಲೆ ರಕ್ತ ಹೀರುವ ಉಣ್ಣೆ ಹುಳದ ಕಾಟ ಬೇರೆ. ಆದರೂ ಆಸೆ. ಇದಕ್ಕಿಂತ ಮೊದಲು ಒಂದು ಮರಿ ತಂದಿದ್ದೆ. ಮಾರಿದವನು 'ಪೇಪರ್ ಆಮೇಲೆ ಕಳಿಸ್ತೀನಿ ಸರ್' ಅಂದ. ಆ ಪೇಪರ್ ಇವತ್ತಿನವರೆಗೂ ಬಂದಿಲ್ಲ, ಅವನ ಫೋನೂ ಹತ್ತೋದಿಲ್ಲ. ಆ ನಾಯಿ ಈಗ ಭಾವನ ಮನೆಯಲ್ಲಿದೆ. ನೋಡಿದರೆ ಅಪ್ಪಟ ಮುಧೋಳ, ದಾಖಲೆ ಕೇಳಿದರೆ ಬರೀ ನಾಯಿ. ಅದಕ್ಕೇ ಬಾಣನನ್ನು ತರುವಾಗ ಮೈಕ್ರೋಚಿಪ್ ಹಾಕಿಸಿ, ಅಪ್ಪ ಅಮ್ಮನ ಹೆಸರಿರುವ ಸರ್ಟಿಫಿಕೇಟ್ ಕೈಗೆ ಬಂದ ಮೇಲೇ ಬಾಕಿ ದುಡ್ಡು ಕೊಟ್ಟೆ. ನೀವೂ ಹಾಗೇ ಮಾಡಿ.

ಶೋಗೆ ಮುಂಚೆ ಎರಡು ತಿಂಗಳು ತಾಲೀಮು. ಅಂಗಳದಲ್ಲಿ ಓಡಿಸೋಣ ಅಂದರೆ ತುಂಬಾ ಅಡಿಕೆ ಹರವಿತ್ತು. ಒಂದು ದಿನ ಬಾಣ ಅದರ ಮೇಲೇ ಓಡಿ, ನಮ್ಮಮ್ಮ ನಾಯಿಗೂ ನನಗೂ ಸೇರಿಸಿ ಬೈದರು. ಕೊನೆಗೆ ಜಗಲಿ ಮೇಲೆ ನಾಲ್ಕೂ ಕಾಲು ನೆಟ್ಟಗೆ ಇಟ್ಟು ನಿಲ್ಲಿಸೋದು, ಬಂದವರ ಹತ್ತಿರ ಹಲ್ಲು ಮುಟ್ಟಿಸೋದು, ಇಷ್ಟೇ ಆಯಿತು.

ಇನ್ನು ವ್ಯವಸ್ಥೆಯ ವಿಷಯ. ಎಂಟು ಗಂಟೆಗೆ ಬನ್ನಿ ಅಂದಿದ್ದರು. ನಾವು ರಿಪ್ಪನ್‌ಪೇಟೆ, ಆಯನೂರು ದಾಟಿ ಏಳೂವರೆಗೇ ಮೈದಾನ ಸೇರಿದರೆ ಅಲ್ಲಿ ಇನ್ನೂ ಶಾಮಿಯಾನದ ಕಂಬ ನೆಡುತ್ತಿದ್ದರು. ರಿಂಗ್, ಅಂದರೆ ಹಗ್ಗ ಕಟ್ಟಿದ ಕಣದಲ್ಲಿ ನಾಯಿಗಳನ್ನು ನೋಡೋದು, ಶುರುವಾಗಿದ್ದು ಹತ್ತೂವರೆಗೆ. ಆಯೋಜಕರ ಹೆಸರು ಬೇಡ, ಅವರು ಜನ ಒಳ್ಳೆಯವರೇ, ಆದರೆ ನೆರಳೆಲ್ಲ ಅತಿಥಿಗಳ ಕುರ್ಚಿಗೆ, ಬಿಸಿಲೆಲ್ಲ ನಾಯಿಗಳಿಗೆ ಅಂದರೆ ಹೇಗೆ? ಮೈದಾನಕ್ಕೆಲ್ಲ ಒಂದೇ ನಲ್ಲಿ. ಪಕ್ಕದಲ್ಲಿದ್ದ ಸೇಂಟ್ ಬರ್ನಾರ್ಡ್ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿದ್ದರೆ ಅದರ ಯಜಮಾನರು ಒದ್ದೆ ಟವೆಲ್ ಹೊದೆಸಿ ರಟ್ಟಿನ ತುಂಡಿನಲ್ಲಿ ಗಾಳಿ ಹಾಕುತ್ತಿದ್ದರು, ನೋಡೋಕೆ ಆಗಲಿಲ್ಲ. ಊಟಕ್ಕೆ ಪಲಾವು. ಪರವಾಗಿಲ್ಲ.

ಗೇಟಿನಲ್ಲಿ ಮಾತ್ರ ಕೆಲಸ ಕಟ್ಟುನಿಟ್ಟು. ರೇಬೀಸ್ ಲಸಿಕೆ ಕಾರ್ಡ್ ನೋಡಿದರು, ಪಶುವೈದ್ಯರು ಕಣ್ಣು, ಚರ್ಮ ಪರೀಕ್ಷೆ ಮಾಡಿದರು, ಆಮೇಲೆ ಚಿಪ್ ಓದುವ ಮಿಷನ್ ತಂದರು. ಭುಜದ ನಡುವೆ ಆಡಿಸಿದರೆ ಸದ್ದೇ ಇಲ್ಲ. ಮತ್ತೆ ಆಡಿಸಿದರು, ಇಲ್ಲ. ನನಗೆ ಎದೆ ಧಸಕ್ ಅಂತು. ಇನ್ನೊಬ್ಬ ಹುಡುಗ ಬಂದು 'ಕೆಲವಕ್ಕೆ ಜಾರಿರುತ್ತೆ ಸರ್' ಅಂತ ಎಡಗಾಲಿನ ಮೇಲ್ಭಾಗಕ್ಕೆ ಹಿಡಿದ. ಬೀಪ್. ಹದಿನೈದು ಅಂಕಿಯೂ ಪೇಪರಿನ ಜೊತೆ ತಾಳೆಯಾಯಿತು.

ಕ್ಯಾಟಲಾಗ್ ಕೊಟ್ಟರು. ಭಾವ ತಿರುವಿ ಹಾಕಿ, 'ಬಾಣನ್ನ ಕಾರವಾರದ ನಾಯಿ ಅಂತ ಹಾಕಿದಾರಲ್ಲ ಮಾರಾಯ' ಅಂದ. ನೋಡಿದರೆ ಕ್ಯಾರವಾನ್ ಹೌಂಡ್! ಇದು ಅಚ್ಚಿನ ತಪ್ಪಲ್ಲ. ತಳಿ ನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಪುಸ್ತಕದಲ್ಲಿ ಈ ತಳಿಯ ಹೆಸರೇ ಅದು. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬಿನಲ್ಲಿ ಮುಧೋಳ ಹೌಂಡ್. ಮುಧೋಳದ ಘೋರ್ಪಡೆ ರಾಜರು ಬೆಳೆಸಿದ ನಾಯಿ, 2005ರಲ್ಲಿ ಅಂಚೆ ಚೀಟಿಯಲ್ಲಿ ಬಂದ ನಾಯಿ, 2016ರಲ್ಲಿ ಸೈನ್ಯದವರು ತರಬೇತಿಗೆ ಮೀರತ್‌ಗೆ ಕರೆದುಕೊಂಡು ಹೋದ ನಾಯಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೇ ಅಂತ ಪಶು ವಿಶ್ವವಿದ್ಯಾಲಯದ ಕೇಂದ್ರವೂ ಇದೆ. ಆದರೂ ಒಂದೇ ದೇಶದಲ್ಲಿ ಎರಡು ಕ್ಲಬ್ಬು, ಎರಡು ಹೆಸರು.

ನಮ್ಮ ಕ್ಲಾಸಿನಲ್ಲಿ ಇದ್ದದ್ದು ಎರಡೇ ನಾಯಿ. ಜಡ್ಜ್ ಹೊರ ರಾಜ್ಯದಿಂದ ಬಂದಿದ್ದ ವಯಸ್ಸಾದ ಮೇಡಮ್, ತಲೆಗೆ ಹತ್ತಿ ಟೋಪಿ, ಕಾಲಿಗೆ ಕ್ಯಾನ್ವಾಸ್ ಶೂ. ಬಾಣ ಜಗಲಿ ಮೇಲೆ ಕಲಿತದ್ದನ್ನೆಲ್ಲ ಮರೆತು ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅವರು ಬೈಯಲಿಲ್ಲ, ಅವಸರ ಮಾಡಲಿಲ್ಲ. ಎದುರಿಂದ ಬರದೆ ಪಕ್ಕದಿಂದ ಬಂದು, ಕೈಯ ಹಿಂಭಾಗ ಮೂಸಲು ಕೊಟ್ಟು, ಅವನೇ ಏಳುವವರೆಗೂ ಸುಮ್ನೆ ನಿಂತರು. ಆಮೇಲೆ ತುಟಿ ಎತ್ತಿ, ಮೇಲಿನ ಹಲ್ಲು ಕೆಳಗಿನದರ ಮೇಲೆ ಕತ್ತರಿಯ ಹಾಗೆ ಕೂತಿದೆಯಾ ನೋಡಿದರು. ಎದೆಯ ಆಳಕ್ಕೆ ಅಂಗೈ ಇಟ್ಟರು. ಬೆನ್ನ ಮೇಲಿಂದ ಬಾಲದ ಬುಡದವರೆಗೆ ಬೆರಳು ಎಳೆದರು. ಬೀಜ ಎರಡೂ ಇಳಿದಿವೆಯಾ ಅಂತ ಮುಟ್ಟಿ ನೋಡುವಾಗ ಹಗ್ಗದ ಆಚೆ ನಿಂತ ಕಾಲೇಜು ಹುಡುಗರು ಕಿಸಕ್ ಅಂದರು. ನಗೋದೇನಿಲ್ಲ, ಗಂಡು ನಾಯಿಗೆ ಅದು ಇರಲೇಬೇಕಾದ ಲೆಕ್ಕ. ಕೊನೆಗೆ ನೆಟ್ಟಗೆ ಹೋಗಿ ಬರಲು, ಆಮೇಲೆ ಸುತ್ತು ಓಡಲು ಹೇಳಿದರು.

ಮೂರು ನಿಮಿಷವೂ ಆಗಿರಲಿಕ್ಕಿಲ್ಲ. ನಾನು ಎರಡು ವರ್ಷದಲ್ಲಿ ನೋಡದ್ದನ್ನು ಅವರು ನೋಡಿದ್ದರು. ಮುಂಭಾಗ, ಕತ್ತು, ಎದೆ ಎಲ್ಲ ಚೆನ್ನಾಗಿದೆ. ಆದರೆ ನಡೆಯುವಾಗ ಹಿಂಗಾಲಿನ ಗೆಣ್ಣು ಒಳಕ್ಕೆ ತಿರುಗುತ್ತದೆ, ಪಾದ ಹರಡಿದೆ, ಉಗುರು ಜಾಸ್ತಿ ಬೆಳೆದಿದೆ. 'ತೋಟದ ಮೆತ್ತನೆ ಮಣ್ಣಲ್ಲೇ ಇರ್ತಾನಾ?' ಅಂತ ಕೇಳಿದರು. ಹೌದು ಅಂದೆ. ದಿನಾ ಗಟ್ಟಿ ನೆಲದಲ್ಲಿ ಓಡಿಸಿ, ಉಗುರು ಕತ್ತರಿಸಿ, ಪಾದ ಸುಧಾರಿಸುತ್ತೆ, ಗೆಣ್ಣು ಮಾತ್ರ ಹುಟ್ಟಿನದು, ಇವನನ್ನು ಕೂಡಿಸುವಾಗ ಹಿಂಗಾಲು ಸರಿಯಿರುವ ಹೆಣ್ಣು ನೋಡಿ ಅಂದರು. ಪಕ್ಕದ ನಾಯಿಯ ಜೊತೆ ಅಲ್ಲ, ತಳಿಗೆ ಹೀಗಿರಬೇಕು ಅಂತ ಬರೆದಿಟ್ಟ ಮಾಪನದ ಜೊತೆ ನಿಮ್ಮ ನಾಯಿಯ ಸ್ಪರ್ಧೆ ಅಂತ ಅವರೇ ಹೇಳಿದ್ದು. ಫಲಿತಾಂಶ: ಎರಡರಲ್ಲಿ ಎರಡನೇ ಸ್ಥಾನ. ಭಾವ ಚಪ್ಪಾಳೆ ತಟ್ಟಿದ, ಅದು ಇನ್ನೂ ಅವಮಾನ.

ನನ್ನ ಐದು ಸ್ಟಾರ್ ಬರೀ ಈ ಮೂರು ನಿಮಿಷಕ್ಕಲ್ಲ. ಊಟದ ಹೊತ್ತಿಗೆ ಮೇಡಮ್ ಪಲಾವಿನ ತಟ್ಟೆ ಹಿಡಿದು ನಮ್ಮ ಪಕ್ಕದ ಕುರ್ಚಿಗೇ ಬಂದು ಕೂತರು. ಭಾವ ಬಿಡುತ್ತಾನಾ? 'ಮೇಡಮ್, ನಮ್ಮ ಮಲೆನಾಡು ನಾಯಿನೂ ಒಂದು ಜಾತಿ ಅಂತ ಮಾಡಿಸಬೇಕು, ಅರ್ಜಿ ಎಲ್ಲಿ ಕೊಡೋದು?' ಅಂದ. ಕಾಡಿಗೆ ಹೋಗುತ್ತೆ, ಹಂದಿ ತಡೆಯುತ್ತೆ, ಮಳೆಗೆ ಬಗ್ಗಲ್ಲ ಅಂತ ಅವನ ಇನ್ನೊಂದು ನಾಯಿ, ನಾಟಿ ಕರಿಯನ ಗುಣಗಾನ ಬೇರೆ. ಅವರು ನಗಲಿಲ್ಲ. ತಟ್ಟೆ ಕೆಳಗಿಟ್ಟು ಲೆಕ್ಕ ಹೇಳಿದರು.

ನಾಯಿ ಚೆನ್ನಾಗಿದೆ ಅಂತ ತಳಿ ಆಗೋದಿಲ್ಲ. ತನ್ನ ಹಾಗೇ ಇರುವ ಮರಿ ಹಾಕಬೇಕು, ತಲೆಮಾರಿನ ಮೇಲೆ ತಲೆಮಾರು, ಮತ್ತು ಅದು ಬರೆದಿಟ್ಟಿರಬೇಕು. ಬೆಲ್ಜಿಯಂನಲ್ಲಿ ಕಚೇರಿ ಇರುವ ಎಫ್‌ಸಿಐ ಅಂತ ಬೇರೆ ಬೇರೆ ದೇಶದ ಕೆನಲ್ ಕ್ಲಬ್ಬುಗಳ ಒಕ್ಕೂಟ ಇದೆ, 1911ರಲ್ಲಿ ಐದು ದೇಶದವರು ಸೇರಿ ಕಟ್ಟಿದ್ದು. ಅಲ್ಲಿಗೆ ನಾವು ನೀವು ಅರ್ಜಿ ಹಾಕೋಕಾಗಲ್ಲ, ಆಯಾ ದೇಶದ ಕ್ಲಬ್ಬೇ ಹಾಕಬೇಕು. ಕನಿಷ್ಠ ಎಂಟು ಬೇರೆ ಬೇರೆ ವಂಶ ತೋರಿಸಬೇಕು. ಒಂದೊಂದು ವಂಶದಲ್ಲೂ ಕನಿಷ್ಠ ಎರಡು ಗಂಡು, ಆರು ಹೆಣ್ಣು. ಒಂದು ವಂಶಕ್ಕೂ ಇನ್ನೊಂದಕ್ಕೂ ಮೂರು ತಲೆಮಾರಿನವರೆಗೆ ಅಜ್ಜ ಮುತ್ತಜ್ಜ ಒಬ್ಬನೇ ಆಗಿರಬಾರದು. ಆರೋಗ್ಯದ ವರದಿ, ಸ್ವಭಾವದ ವರದಿ ಬೇರೆ. ಇಷ್ಟೆಲ್ಲ ಆದಮೇಲೂ ಸಿಗೋದು ತಾತ್ಕಾಲಿಕ ಮಾನ್ಯತೆ. ಕನಿಷ್ಠ ಹತ್ತು ವರ್ಷ ಹಾಗೇ ಇರಬೇಕು, ಅಷ್ಟರವರೆಗೆ ಅಂತಾರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೆ ಬೇಕಾದ ಸರ್ಟಿಫಿಕೇಟ್ ಆ ತಳಿಗಿಲ್ಲ.

ಭಾವನ ಮುಖ ಸಪ್ಪಗಾಯಿತು. ಅವರು ಸಮಾಧಾನಕ್ಕೆ ಜ್ಯಾಕ್ ರಸೆಲ್ ಕತೆ ಹೇಳಿದರು. ಇಂಗ್ಲೆಂಡಿನದೇ ನಾಯಿ ಅದು, ಲೋಕಕ್ಕೆಲ್ಲ ಗೊತ್ತು. ಎಫ್‌ಸಿಐ 2000ದಲ್ಲೇ ಬಾಗಿಲು ತೆರೆದಿತ್ತು, ಆದರೆ 1873ರಿಂದ ಇರುವ ಇಂಗ್ಲೆಂಡಿನ ಕೆನಲ್ ಕ್ಲಬ್ ತನ್ನ ಊರಿನ ನಾಯಿಯನ್ನು ಒಪ್ಪಿಕೊಂಡಿದ್ದು 2016ರಲ್ಲಿ.

ಇನ್ನೊಂದು ದಾರಿಯೂ ಇದೆ ಅಂದರು, ನನಗೆ ಅದೇ ಹೊಸ ವಿಷಯ. ಹರಿಯಾಣದ ಕರ್ನಾಲ್‌ನಲ್ಲಿ ಪ್ರಾಣಿ ತಳಿಗಳನ್ನು ನೋಂದಾಯಿಸುವ ಕೇಂದ್ರ ಸರ್ಕಾರದ ಬ್ಯೂರೋ ಇದೆ. ನಮ್ಮ ಮಲೆನಾಡು ಗಿಡ್ಡ ಹಸುವನ್ನು ತಳಿ ಅಂತ ಬರೆದುಕೊಂಡಿದ್ದೂ ಅದೇ. ಮುಧೋಳ, ರಾಜಪಾಳಯಂ, ಚಿಪ್ಪಿಪಾರೈ ನಾಯಿಗಳೂ ಆ ಪುಸ್ತಕದಲ್ಲಿವೆ. ಅಲ್ಲಿ ರಿಂಗು, ಕಪ್ಪು ಯಾವುದೂ ಇಲ್ಲ. ಎಷ್ಟಿವೆ, ಎಲ್ಲಿವೆ, ಎತ್ತರ ತೂಕ ಎಷ್ಟು, ಅಕ್ಕಪಕ್ಕದ ತಳಿಗಿಂತ ಹೇಗೆ ಬೇರೆ ಅಂತ ಊರೂರು ಸುತ್ತಿ ಅಳೆದು ಬರೆಯಬೇಕು. 'ಮೊದಲು ನಿಮ್ಮೂರಿಂದ ಶುರು ಮಾಡಿ, ಯಾರ ಮನೆ ನಾಯಿಗೆ ಯಾರ ಮನೆ ಮರಿ ಅಂತ' ಅಂದು ಕೈ ತೊಳೆಯಲು ಎದ್ದರು. ಆ ಒಂದೇ ನಲ್ಲಿಗೆ ಅವರೂ ಕ್ಯೂ ನಿಂತರು.

ಮುಂದಿನ ಸಲ ಹೋಗುವವರಿಗೆ: ಕೊಡೆಯಲ್ಲ, ಸಣ್ಣ ಟೆಂಟೇ ತನ್ನಿ. ಮನೆಯಿಂದಲೇ ಒಂದು ಕ್ಯಾನ್ ನೀರು ತನ್ನಿ. ಬೆಂಗಳೂರಿನ ಹ್ಯಾಂಡ್ಲರ್‌ಗಳು 'ನಾವು ಓಡಿಸ್ತೀವಿ ಸರ್' ಅಂತ ಬರುತ್ತಾರೆ, ಮೊದಲ ಸಲಕ್ಕೆ ಬೇಡ, ನೀವೇ ಓಡಿಸಿ, ಇಲ್ಲದಿದ್ದರೆ ಜಡ್ಜ್ ಹೇಳಿದ ಮಾತೆಲ್ಲ ಅವರ ಕಿವಿಗೆ ಹೋಗುತ್ತದೆ. ನಾನಂತೂ ಮತ್ತೆ ಹೋಗುತ್ತೇನೆ. ಈಗ ಬೆಳಗ್ಗೆ ಆರಕ್ಕೆ ಬಾಣ ಮತ್ತು ನಾನು ಟಾರು ರಸ್ತೆಯಲ್ಲಿ.

ಭಾವ ಮರುದಿನವೇ ಅಡಿಕೆ ಲೆಕ್ಕದ ಪುಸ್ತಕದ ಕೊನೇ ಹಾಳೆ ತೆಗೆದು ಬರೆಯಲು ಕೂತ. ಹೆಸರು: ಕರಿಯ. ತಾಯಿ: ಬೆಳ್ಳಿ, ಹೋದ ವರ್ಷ ಕುರ್ಕ (ಚಿರತೆ) ಹೊತ್ತೊಯ್ದಿದ್ದು. ತಂದೆ: ಇಲ್ಲಿಗೆ ಬಂದು ಪೆನ್ನು ನಿಂತಿತು. ಮೇಲಿನ ಮನೆಯವರದು ಅಂತ ಇವನು, ನಮ್ಮದಲ್ಲವೇ ಅಲ್ಲ ಅಂತ ಅವರು. ಸಂಜೆವರೆಗೂ ಬೇಲಿಯ ಎರಡೂ ಕಡೆ ನಿಂತು ಅದೇ ಜಗಳ.